ಬೂದಿ ತೆಗೆದ ಒಲೆ

ಎಲೆಯುದುರು ತಿಂಗಳು, ಎರಡನೇ ವಾರ

ಅಮ್ಮನಿಗೆ,

ಬೆಟ್ಟದ ಮನೆ ತಲುಪಿದೆ ಎಂದು ನೀನು ಬರೆದ ನಾಲ್ಕು ಸಾಲು ಸಿಕ್ಕಿತು. ಅದರಲ್ಲಿ ಮೂರು ಸಾಲು ಹವೆಯ ಬಗ್ಗೆ. ಸಂತೋಷ. ಇಲ್ಲೂ ಚಳಿ.

ನಿನಗಂತೂ ಸಿಟ್ಟು ಬರುವುದಿಲ್ಲ. ನನಗೆ ಬಂದಿದೆ, ನಿನ್ನ ಪಾಲಿನದನ್ನೂ ಸೇರಿಸಿ ನಾನೇ ಬಯ್ದುಬಿಡುತ್ತೇನೆ. ಚಳಿಗಾಲ ಬಾಗಿಲಲ್ಲಿ ನಿಂತಿರುವಾಗ, ಆಸ್ಪತ್ರೆಯ ಬೆಡ್‌ಶೀಟುಗಳ ಗಂಟನ್ನೂ ಇಡೀ ಲಾಂಡ್ರಿಯನ್ನೂ ನನ್ನ ತಲೆಗೆ ಕಟ್ಟಿ, ಘಟಸರ್ಪವಾಗುತ್ತೇನೆ ಎಂದು ಹೊರಟುಬಿಟ್ಟೆಯಲ್ಲ! ಬೇರೆಯವರ ಅಮ್ಮಂದಿರು ಈ ವಯಸ್ಸಿಗೆ ಮಂಡಿನೋವು ಎನ್ನುತ್ತಾರೆ. ನನ್ನ ಅಮ್ಮನಿಗೆ ರೆಕ್ಕೆ ಬೇಕಂತೆ.

ನೀನು ಹೇಳುತ್ತಿದ್ದ ಆ ಕಥೆ ನಾನು ಮರೆತಿಲ್ಲ. ಲೋಕವೆಲ್ಲ ಹೆಪ್ಪುಗಟ್ಟಿದ್ದ ಕಾಲದಲ್ಲಿ ಒಬ್ಬ ಹೆಂಗಸು ತನ್ನೊಳಗಿನ ಬಿಸಿಯನ್ನೆಲ್ಲ ಒಂದೇ ಉಸಿರಿಗೆ ನದಿಯ ಮೇಲೆ ಊದಿದಳು. ಉಸಿರು ಮುಗಿಯುವಷ್ಟರಲ್ಲಿ ಅವಳ ಮೈ ಉದ್ದವಾಗಿತ್ತು, ಬೆನ್ನಿಗೆ ರೆಕ್ಕೆ ಬಂದಿತ್ತು, ಅವಳೇ ಮೊದಲ ಘಟಸರ್ಪ. ಹುಟ್ಟಿನಿಂದ ಯಾರೂ ಘಟಸರ್ಪವಲ್ಲ, ಅದು ಮನಸ್ಸು ಮಾಗಿ ತಲುಪುವ ಒಂದು ಸ್ಥಿತಿ ಎಂದು ನನ್ನ ತಲೆ ಬಾಚುತ್ತಾ ಹೇಳುತ್ತಿದ್ದೆ. ಹಾಗಾದವರು ಮತ್ತೆ ಮನುಷ್ಯರಾಗಿ ಮನೆಗೆ ಬರುವುದಿಲ್ಲ ಎನ್ನುವುದನ್ನು ಮಾತ್ರ ಕೊನೆಗೆ, ಜಡೆ ಗಂಟು ಹಾಕುವಾಗ, ಮೆಲ್ಲಗೆ ಹೇಳುತ್ತಿದ್ದೆ. ಸರಿ, ಲೋಕ ಬೆಚ್ಚಗಿರಲಿ. ನನಗೆ ಅಮ್ಮ ಬೇಡವೇ?

ಬೀದಿಯಲ್ಲಿ ಎಲ್ಲರಿಗೂ ನಿನ್ನ ಮೇಲೆ ಭಾರೀ ಭರವಸೆ. "ಸಮಾಧಾನಮ್ಮ ಅಲ್ವಾ, ಜೀವಮಾನದಲ್ಲಿ ಒಂದು ಸಲ ದನಿ ಎತ್ತಿದವರಲ್ಲ, ಬೇಗ ಆಗಿಬಿಡ್ತಾರೆ" ಎನ್ನುತ್ತಾರೆ. ಪರೀಕ್ಷೆಗೆ ಕೂತ ಹುಡುಗಿಯ ಬಗ್ಗೆ ಮಾತಾಡಿದ ಹಾಗೆ.

ಬಾಯ್ಲರ್ ಮತ್ತೆ ಕೆಮ್ಮುತ್ತಿದೆ. ಬಾಯ್ಲರ್ ಮೇಸ್ತ್ರಿ ಬಂದು ಮಧ್ಯಾಹ್ನವೆಲ್ಲ ಅದರ ಹೊಟ್ಟೆಯಲ್ಲಿ ಕೈಯಾಡಿಸಿ, "ಇವತ್ತು ಮುಗಿಯೋ ಹಾಗೆ ಕಾಣಲ್ಲ, ನಾಳೆನೂ ಬರ್ಬೇಕು" ಎಂದ. ಹಾಗೆನ್ನುವಾಗ ಅವನು ಬಾಯ್ಲರನ್ನು ನೋಡುತ್ತಿರಲಿಲ್ಲ.

ಬಯ್ದಾಯಿತು, ಈಗ ಹಗುರವಾಗಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಉಣ್ಣೆಯ ಕಾಲುಚೀಲ ಇಲ್ಲೇ ಮರೆತು ಹೋಗಿದ್ದೀಯ, ಇದರ ಜೊತೆ ಕಳಿಸಿದ್ದೇನೆ.

ಸಿಟ್ಟಿನ, ಆದರೂ ನಿನ್ನವಳೇ ಆದ,
ಮೆಣಸು


ಮಂಜು ತಿಂಗಳು, ಮೊದಲ ವಾರ

ಮಗಳೇ,

ಕಾಲುಚೀಲ ಬಂತು. ಹಾಕಿಕೊಂಡೇ ಬರೆಯುತ್ತಿದ್ದೇನೆ. ನೀನು ಬಯ್ದಿದ್ದಕ್ಕೆ ನನಗೇನೂ ಬೇಜಾರಿಲ್ಲ. ನನಗೆ ಯಾರ ಮೇಲೂ ಬೇಜಾರಿಲ್ಲ.

ಇಲ್ಲಿ ಒಬ್ಬೊಬ್ಬರಿಗೂ ಒಂದು ಕೋಣೆ. ಗೋಡೆಗೆ ಸುಣ್ಣ, ಕೂರಲು ಮಣೆ, ಎದುರಿಗೆ ಒಂದು ಬಟ್ಟಲು. ಬಟ್ಟಲಲ್ಲಿ ಹೆಪ್ಪುಗಟ್ಟಿದ ನೀರು. ದಿನವಿಡೀ ಅದರ ಮುಂದೆ ಸುಮ್ಮನೆ ಕೂರಬೇಕು. ಮುಟ್ಟುವಂತಿಲ್ಲ, ಊದುವಂತಿಲ್ಲ. ಒಳಗಿನ ಬಿಸಿ ಹೊರಗೆ ಬಂದಾಗ ಅದು ತಾನಾಗಿ ಕರಗುತ್ತದೆ. ಕಿಟಕಿಯ ಹೊರಗೆ ಬರೀ ಬಿಳಿ. ಕೆಲವು ಬೆಳಿಗ್ಗೆ ಆ ಬಿಳಿಯಲ್ಲಿ ಉದ್ದಕ್ಕೆ ಏನೋ ಹಾದುಹೋಗುತ್ತದೆ, ಇಸ್ತ್ರಿ ಪೆಟ್ಟಿಗೆಯ ಮೇಲಿನ ಗಾಳಿ ನಡುಗುವ ಹಾಗೆ. ಆಗ ಎಲ್ಲರೂ ಮಣೆ ಬಿಟ್ಟು ಕಿಟಕಿಗೆ ಓಡುತ್ತೇವೆ. ಮುದುಕ ಮುದುಕಿಯರು ಒಬ್ಬರನ್ನೊಬ್ಬರು ತಳ್ಳಿಕೊಂಡು ನೋಡುವುದನ್ನು ನೀನು ನೋಡಬೇಕಿತ್ತು.

ನಮ್ಮನ್ನು ನೋಡಿಕೊಳ್ಳುವವಳು ಬಾಗಿಲಜ್ಜಿ. ಬಾಗಿಲು ತೆಗೆಯುವವಳೂ ಅವಳೇ, ಕಲಿಸುವವಳೂ ಅವಳೇ. ಬಂದ ದಿನವೇ ನನ್ನ ಹತ್ತಿರ ಬಂದು ಮೂಸಿ, "ಹೊಗೆ ವಾಸನೆ ಬರ್ತಿದೆಯಲ್ಲಮ್ಮ" ಎಂದಳು. ಲಾಂಡ್ರಿಯ ಕಲ್ಲಿದ್ದಲಿನದಿರಬೇಕು ಎಂದೆ. ಅವಳು ಇನ್ನೊಮ್ಮೆ ಮೂಸಿ ಮುಂದೆ ಹೋದಳು.

ಘಟಸರ್ಪವಾಗುವವರಿಗೆ ಮೊದಲು ಯಾವ ಲಕ್ಷಣ, ಆಮೇಲೆ ಯಾವುದು ಎಂದೆಲ್ಲ ಹೇಳಿಕೊಟ್ಟಿದ್ದಾಳೆ. ಅದನ್ನು ಹೊರಗಿನವರಿಗೆ ಬರೆಯುವಂತಿಲ್ಲ. ಕೇಳಿದವರೆಲ್ಲ ತಮಗೂ ಅದೇ ಆಗುತ್ತಿದೆ ಎಂದುಕೊಳ್ಳುತ್ತಾರಂತೆ. ನನಗೆ ಇನ್ನೂ ಒಂದೂ ಕಾಣಿಸಿಲ್ಲ. ಕಾಯುತ್ತೇನೆ. ಕಾಯುವುದು ನನಗೇನು ಹೊಸದೇ?

ಮದುವೆಗೆ ಮೊದಲಿನಿಂದ ಆಸೆಪಟ್ಟಿದ್ದು ಇದೊಂದನ್ನೇ, ಮೆಣಸು. ಬೇರೆ ಯಾವುದನ್ನೂ ನಾನು ಬಾಯಿಬಿಟ್ಟು ಕೇಳಿದವಳಲ್ಲ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಮ್ಮ


ಮಂಜು ತಿಂಗಳು, ಕೊನೆಯ ವಾರ

ಅಮ್ಮಾ,

ಮದುವೆಗೆ ಮೊದಲಿನಿಂದ ಆಸೆ ಇತ್ತು ಎಂದು ಈಗ ಬರೆಯುತ್ತೀಯ! ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ತಿಂದಿದ್ದೇವೆ, ಒಂದು ದಿನ ಹೇಳಬಾರದಿತ್ತೇ? ಹೋಗಲಿ ಬಿಡು. ಬಟ್ಟಲು ಕರಗಲಿ ಎಂದು ನಾನೂ ಬೇಡಿಕೊಳ್ಳುತ್ತೇನೆ. ಅರ್ಧ ಮನಸ್ಸಿನಿಂದ.

ಇಲ್ಲಿಯ ಸುದ್ದಿ ಕೇಳು. ಊರಿನಲ್ಲಿ ಯಾರ ಬಟ್ಟೆಯೂ ಒಣಗುತ್ತಿಲ್ಲ, ನಮ್ಮದು ಒಣಗುತ್ತಿದೆ! ಬೆಳಿಗ್ಗೆ ಹಗ್ಗಕ್ಕೆ ಹಾಕಿದ ಬೆಡ್‌ಶೀಟು, ನಾನು ಇಸ್ತ್ರಿ ಮೇಜು ಒರೆಸುವಷ್ಟರಲ್ಲಿ ಗರಿಗರಿ. ಆಸ್ಪತ್ರೆಯ ದೊಡ್ಡ ನರ್ಸ್ ತಾನೇ ನೋಡಲು ಬಂದಿದ್ದಳು. "ಹೇಗಮ್ಮ ಇದು?" ಎಂದಾಗ ಬಾಯ್ಲರ್ ಮೇಸ್ತ್ರಿ ಮೂಲೆಯಿಂದ ತಲೆಯೆತ್ತಿ, "ಕೈಗುಣ" ಎಂದ. ಮುಖ ಕೆಂಪಾಗಿತ್ತು, ಪಾಪ. ರಿಪೇರಿ ಮುಗಿದ ಮೇಲೂ ದಿನಾ ಬರುತ್ತಾನೆ, ಅದೂ ಇದೂ ತಟ್ಟಿ ನೋಡಿ ಹೋಗುತ್ತಾನೆ.

ಕೋಣೆ ಬೆಚ್ಚಗಿದೆ ಎಂದು ಬೀದಿಯ ಬೆಕ್ಕುಗಳೆಲ್ಲ ಬಂದು ಸೇರಿವೆ. ಬಾಯ್ಲರಿನ ಹತ್ತಿರ ಮಲಗುವುದು ಬಿಟ್ಟು ನನ್ನ ಕಾಲಿಗೇ ಸುತ್ತಿಕೊಳ್ಳುತ್ತವೆ. ಒಂದು ಗಂಜಿಯ ಬುಟ್ಟಿಯಲ್ಲೇ ಮರಿ ಹಾಕಿದೆ. ಅದಕ್ಕೂ ಬಯ್ದೆ, ಆಮೇಲೆ ಹಳೇ ಟವೆಲ್ ಹಾಸಿದೆ. ಚಹಾ ಬಗ್ಗಿಸಿಕೊಂಡು ಮರೆತುಬಿಟ್ಟು ಎಷ್ಟೋ ಹೊತ್ತಿನ ಮೇಲೆ ಕುಡಿದರೂ ಬಾಯಿ ಸುಡುತ್ತದೆ. ಎಂಥಾ ಬಾಯ್ಲರ್ ಅಮ್ಮ ಇದು!

ಒಂದೇ ತೊಂದರೆ ಎಂದರೆ ಬೆನ್ನು. ಎರಡೂ ಹೆಗಲಮೂಳೆಯ ಹತ್ತಿರ ತುರಿಕೆ, ಕೈಗೆ ಎಟುಕುವುದಿಲ್ಲ. ಸೋಪು ಬದಲಿಸಿದ್ದಕ್ಕಿರಬೇಕು. ನಿದ್ದೆ ಚೆನ್ನಾಗಿ ಬರುತ್ತದೆ, ಆದರೆ ದಿನಾ ಒಂದೇ ಕನಸು. ನಾನು ಮೇಲಿದ್ದೇನೆ, ಕೆಳಗೆ ನಮ್ಮ ನದಿ, ಯಾರೋ ನೀಲಿ ಹಾಕಿ ಹಿಂಡಿ ಹಾಸಿದ ಬಟ್ಟೆಯ ಹಾಗೆ. ಎದ್ದ ಮೇಲೂ ಸ್ವಲ್ಪ ಹೊತ್ತು ಕೆಳಗಿಳಿದ ಹಾಗೆ ಅನ್ನಿಸುವುದಿಲ್ಲ.

ನಿನ್ನ ಮೆಣಸು


ಹೆಪ್ಪು ತಿಂಗಳು, ಮೊದಲ ವಾರ

ಮಗಳೇ,

ಕನಸಿನಲ್ಲಿ ನದಿ ನಿಂತಿದೆಯೋ ಹರಿಯುತ್ತಿದೆಯೋ ಬರಿ. ತುರಿಕೆ ಎರಡೂ ಕಡೆ ಒಂದೇ ಸಮನಾಗಿದೆಯೋ ಅದನ್ನೂ ಬರಿ.

ಇದರ ಜೊತೆ ಒಂದು ಕಲ್ಲು ಕಳಿಸಿದ್ದೇನೆ. ಇಲ್ಲಿಯ ಝರಿಯ ತಳದ್ದು, ಯಾವ ಬೆಂಕಿಗೂ ಬಿಸಿಯಾಗುವುದಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗು. ತುರಿಕೆಗೆ ಒಳ್ಳೆಯದು. ಹೆಚ್ಚು ಹೊರಗೆ ಓಡಾಡಬೇಡ, ಯಾರ ಹತ್ತಿರವೂ ಕನಸಿನ ಮಾತು ಆಡಬೇಡ.

ನನ್ನ ಬಟ್ಟಲು ಹಾಗೇ ಇದೆ.

ಅಮ್ಮ


ಹೆಪ್ಪು ತಿಂಗಳು, ಮೂರನೇ ವಾರ

ಅಮ್ಮಾ,

ಕಲ್ಲು ಬಂತು, ತುಂಬಾ ಉಪಕಾರವಾಯಿತು. ತುರಿಕೆಗಲ್ಲ, ಬೆಕ್ಕಿನ ಮರಿಗಳಿಗೆ. ಒಂದೇ ರಾತ್ರಿ ನನ್ನ ದಿಂಬಿನಡಿ ಇದ್ದದ್ದು ಬೆಳಿಗ್ಗೆ ನೋಡಿದರೆ ಆಗತಾನೇ ಒಲೆಯಿಂದ ತೆಗೆದ ರೊಟ್ಟಿಯಷ್ಟು ಬಿಸಿ. ಇನ್ನೂ ಆರಿಲ್ಲ. ಬುಟ್ಟಿಯಲ್ಲಿಟ್ಟಿದ್ದೇನೆ, ಮರಿಗಳು ಅದರ ಮೇಲೆ ಬಿದ್ದುಕೊಂಡಿವೆ. ಬಿಸಿಯಾಗುವುದೇ ಇಲ್ಲ ಎಂದು ನಿನಗೆ ಯಾರು ಹೇಳಿದರೋ, ಚೆನ್ನಾಗಿ ಟೋಪಿ ಹಾಕಿದ್ದಾರೆ.

ನದಿ ಹರಿಯುತ್ತಿದೆ. ತುರಿಕೆ ಎರಡೂ ಕಡೆ ಒಂದೇ. ಯಾಕೆ ಕೇಳಿದೆ?

ಮೊನ್ನೆ ಎದುರುಮನೆಯ ಗಡಿಯಾರದಜ್ಜನಿಗೆ ಸೂಪು ಕೊಟ್ಟುಬರಲು ಹೋಗಿದ್ದೆ. ಚಳಿಗೆ ಅವನ ಬೆರಳುಗಳು ಮಡಚಿಕೊಂಡು ಬಿಚ್ಚುತ್ತಲೇ ಇರಲಿಲ್ಲ. ರಿಪೇರಿಗೆ ಬಂದ ಗಡಿಯಾರಗಳೆಲ್ಲ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ಚಮಚ ಹಿಡಿಯಲು ಆಗದೆ ಅವನು ಅತ್ತುಬಿಟ್ಟ. ನಾನು ಎರಡೂ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಅಜ್ಜ ಬೆರಳುಗಳನ್ನೇ ನೋಡಿದ, ಆಮೇಲೆ ನನ್ನನ್ನು ನೋಡಿದ. "ನಿಮ್ಮಮ್ಮ ಸುಮ್ನೆ ಅಷ್ಟು ದೂರ ಹೋದ್ರಲ್ಲೇ, ಮಗಾ" ಎಂದ. ನನಗೆ ಆಗ ಅರ್ಥವಾಗಲಿಲ್ಲ.

ಇವತ್ತು ಅರ್ಥವಾಯಿತು ಅನ್ನಿಸುತ್ತಿದೆ. ಬಾಯ್ಲರ್ ಮೇಸ್ತ್ರಿ ಬೆಳಿಗ್ಗೆ ಬಂದು ತಲೆ ತಗ್ಗಿಸಿ ನಿಂತ. "ಬಯ್ಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ" ಎಂದ. ಬಯ್ಯುತ್ತೇನೆ, ಆದರೂ ಹೇಳು ಎಂದೆ. ಬಾಯ್ಲರಿನಿಂದ ಒಣಗಿಸುವ ಕೋಣೆಗೆ ಬಿಸಿ ತರುವ ದೊಡ್ಡ ಕೊಳವೆಯನ್ನು ಅವನು ಮೊದಲ ದಿನವೇ ಬಿಚ್ಚಿಕೊಂಡು ಹೋಗಿದ್ದನಂತೆ. ಅದು ಇವತ್ತಿಗೂ ಅವನ ಶೆಡ್ಡಿನಲ್ಲೇ ಇದೆಯಂತೆ. ಹೊಸ ಕೊಳವೆ ಬರುವವರೆಗೆ ಇಲ್ಲಿ ಒಂದು ಮರದ ಬಿರಡೆ ಹೊಡೆದಿದ್ದನಂತೆ. "ಬಟ್ಟೆ ಒಣಗೋಕೆ ಶುರುವಾಯ್ತು, ನರ್ಸಮ್ಮ ಹೊಗಳಿಬಿಟ್ರು, ಆಮೇಲೆ ಹೇಳೋಕೆ ಮುಖ ಇರ್ಲಿಲ್ಲ. ಬಿಸಿ ಎಲ್ಲಿಂದ ಬರ್ತಿದೆ ಅಂತ ನೋಡೋಕೇ ದಿನಾ ಬರ್ತಿದ್ದೆ." ಅದಕ್ಕೇ ಬರುತ್ತಿದ್ದೆಯಾ ಎಂದೆ. ಇನ್ನೂ ಏನೋ ಹೇಳುವುದಿತ್ತು ಎಂದ. ಹೇಳದೆ ಹೋದ. ಅವನೂ ನಿನ್ನ ಹಾಗೆಯೇ, ನುಂಗುವವನು.

ನಾನು ಕೋಣೆಯ ಮಧ್ಯೆ ನಿಂತೆ. ಬಾಯ್ಲರಿನ ಬಿಸಿ ಗೋಡೆಯಾಚೆಯೇ ನಿಂತಿತ್ತು. ಹಗ್ಗದ ಮೇಲಿನ ಬಟ್ಟೆಗಳು ನನ್ನ ಕಡೆಗಿದ್ದ ಮಗ್ಗುಲಿನಿಂದಲೇ ಒಣಗುತ್ತಾ ಹೋದವು.

ಅಮ್ಮ, ಇದು ಏನು? ಆ ಕಲ್ಲು ಏನು? ಸಿಹಿ ಮಾತು ಬೇಡ, ನಿಜ ಬರಿ. ನನಗೆ ಭಯವಾಗುತ್ತಿದೆ.

ಮೆಣಸು


ಹೆಪ್ಪು ತಿಂಗಳು, ಕೊನೆಯ ವಾರ

ಮೆಣಸು,

ನಿಜ ಕೇಳಿದ್ದೀಯ, ತಗೋ.

ಮೊದಲು ಚಳಿ ಬಿಡುತ್ತದೆ. ಆಮೇಲೆ ಪ್ರಾಣಿಗಳು ಹುಡುಕಿಕೊಂಡು ಬರುತ್ತವೆ. ಆಮೇಲೆ ನದಿಯ ಕನಸು. ಕೊನೆಗೆ ಬೆನ್ನು. ನಾನಿಲ್ಲಿ ಹೆಪ್ಪುಗಟ್ಟಿದ ಬಟ್ಟಲು ನೋಡುತ್ತಾ ಕೂತಿದ್ದೇನೆ, ನೀನು ಅಲ್ಲಿ ದಿಂಬಿನ ಕವರಿಗೆ ಇಸ್ತ್ರಿ ಹಾಕುತ್ತಾ ಘಟಸರ್ಪವಾಗುತ್ತಿದ್ದೀಯ.

ಆ ಕಲ್ಲು ಬೆಂಕಿ ಆರಿಸುವ ಕಲ್ಲು. ಮಕ್ಕಳನ್ನು ಬಿಟ್ಟುಕೊಡಲಾಗದ ತಾಯಂದಿರು ಅದನ್ನು ದಿಂಬಿನಡಿ ಇಡುತ್ತಿದ್ದರಂತೆ. ನಿನ್ನನ್ನು ಕಳೆದುಕೊಳ್ಳಬಾರದೆಂದು ಕಳಿಸಿದೆ. ಅದು ಅರ್ಧ ನಿಜ. ಇನ್ನರ್ಧ ಹೊಟ್ಟೆಕಿಚ್ಚು ಕಣೇ. ಬೆಂಕಿ ಹುಡುಕಿಕೊಂಡು ಬೆಟ್ಟ ಹತ್ತಿದವಳಿಗೆ ಸಿಕ್ಕಿದ್ದು ಆ ಕಿಚ್ಚೊಂದೇ. ನನ್ನ ಹೆಣ್ಣುಮಗಳಿಗೆ, ರೆಕ್ಕೆ ಬೇಡ ಎಂದು ನನ್ನನ್ನು ಆಡಿಕೊಂಡವಳಿಗೆ, ಕೇಳದೆಯೇ ಸಿಕ್ಕಿತಲ್ಲ ಎಂದು ರಾತ್ರಿ ಕಂಬಳಿ ಕಚ್ಚಿಕೊಂಡು ಅತ್ತೆ.

ನಿನ್ನ ಪತ್ರವನ್ನು ಬಾಗಿಲಜ್ಜಿಗೆ ಓದಿ ಹೇಳಿ, ಇದು ಯಾವ ನ್ಯಾಯ ಎಂದು ಕೇಳಿದೆ. ಅವಳು ಒಲೆ ಬಳಿಯುತ್ತಿದ್ದಳು. "ಒಲೆ ಯಾವಾಗ ಹೊಗೆ ಆಡುತ್ತೆ ಹೇಳು? ಬೂದಿ ತೆಗೀದೆ ಇದ್ದಾಗ. ನಿನ್ನ ಮಗಳು ದಿನದ ಬೂದಿ ದಿನಾ ತೆಗೀತಾಳೆ. ನೀನು ಗುಡ್ಡೆ ಹಾಕ್ಕೊಂಡು, ಅದಕ್ಕೆ ಸಮಾಧಾನ ಅಂತ ಹೆಸರಿಟ್ಟಿದ್ದೀಯ" ಎಂದಳು. ಹಾಗಾದರೆ ಬಯ್ಯುವವರೆಲ್ಲ ಘಟಸರ್ಪವೇ ಎಂದೆ. "ಬಯ್ಯೋರು ಬೀದಿಗೆ ಹತ್ತು ಜನ ಸಿಗ್ತಾರೆ. ಬಯ್ದು, ಹಿಂದೆನೇ ಕಾಲುಚೀಲ ಕಳಿಸೋರು ಎಷ್ಟು ಜನ?" ಎಂದಳು.

ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿಮ್ಮಪ್ಪ ನನ್ನನ್ನು ಒಂದು ಮಾತು ಕೇಳದೆ ಲಾಂಡ್ರಿ ಕೊಂಡರು, ನನ್ನ ಕೈ ಜೀವನವಿಡೀ ಸೋಪಿನಲ್ಲಿ ಬೆಂದುಹೋಯಿತು. ನಿನ್ನ ಸೋದರತ್ತೆ ನನ್ನ ಹಸಿರು ಶಾಲು ಹೊದ್ದುಕೊಂಡು ಹೋದವಳು ಇವತ್ತಿಗೂ ತಂದುಕೊಟ್ಟಿಲ್ಲ. ನಿಮ್ಮಪ್ಪ ಹೇಳದೆ ಕೇಳದೆ ಸತ್ತುಹೋದರು, ಸತ್ತವರ ಮೇಲೆ ಸಿಟ್ಟಾಗುವುದು ಹೇಗೆ ಎಂದು ಅದನ್ನೂ ನುಂಗಿದೆ. ನೀನು ಬಾಗಿಲನ್ನು ಧಡಾರ್ ಎಂದು ಹಾಕಿಕೊಂಡು ಹೋದಾಗಲೆಲ್ಲ ನನಗೂ ಒಂದು ಬಾಗಿಲು ಹಾಗೆ ಹಾಕಬೇಕು ಅನ್ನಿಸುತ್ತಿತ್ತು. ಒಂದೂ ಹಾಕಲಿಲ್ಲ. ಸಮಾಧಾನಮ್ಮ ಎಂದವರ ಬಾಯಿಗೆ ಮಣ್ಣು ಬೀಳಲಿ!

ಇಷ್ಟು ಬರೆದು ತಲೆಯೆತ್ತಿ ನೋಡಿದರೆ ಬಟ್ಟಲಿನ ಅಂಚಿನಲ್ಲಿ ಉಗುರಿನಷ್ಟು ನೀರು.

ಅದು ಕರಗುವುದನ್ನು ನೋಡುತ್ತಾ ಕೂರುವುದಿಲ್ಲ. ನಾಳೆ ಕೆಳಗಿನ ದೋಣಿಗಟ್ಟೆಯಿಂದ ಕೊನೆಯ ದೋಣಿ ಹೊರಡುತ್ತದೆ, ನಾನು ಅದರಲ್ಲಿ ಬರುತ್ತೇನೆ. ಹೋಗು ಎನ್ನುವುದಿಲ್ಲ, ಹೋಗಬೇಡ ಎಂದೂ ಅನ್ನುವುದಿಲ್ಲ, ಅದು ನಿನ್ನದು. ಆದರೆ ಒಂದು ಸಲ ನಿನ್ನ ಮುಖ ನೋಡುವವರೆಗೆ ಇರು. ಇದನ್ನು ನಾನು ಬಾಯಿಬಿಟ್ಟು ಕೇಳುತ್ತಿದ್ದೇನೆ.

ನಿನ್ನ ಹೊಟ್ಟೆಕಿಚ್ಚಿನ ಅಮ್ಮ


ಕರಗು ತಿಂಗಳು, ಮೊದಲ ವಾರ
(ಇಸ್ತ್ರಿ ಮೇಜಿನ ಮೇಲೆ, ಬಿಸಿ ಕಲ್ಲಿನ ಕೆಳಗೆ ಇಟ್ಟಿದ್ದೇನೆ)

ಅಮ್ಮಾ,

ನಿನ್ನ ಪತ್ರ ಓದಿ ಮೊದಲು ಬಯ್ದೆ. ಕಲ್ಲಿಗೆ ಬಯ್ದೆ, ನಿನಗೆ ಬಯ್ದೆ. ಆಮೇಲೆ ಸೋದರತ್ತೆಯ ಮನೆಗೆ ಹೋಗಿ ಶಾಲು ಕೇಳಿ ತಂದೆ. ಒಗೆದು ನಿನ್ನ ಮಂಚದ ಮೇಲಿಟ್ಟಿದ್ದೇನೆ. ಎರಡು ತೂತು ಬಿದ್ದಿದೆ, ಅವಳ ಹತ್ತಿರ ಜಗಳವಾಡಿದ್ದೂ ಆಯಿತು.

ಇರುತ್ತೇನೆ, ಬಾಗಿಲಲ್ಲೇ ನಿಂತಿರುತ್ತೇನೆ ಎಂದುಕೊಂಡಿದ್ದೆ. ಆದರೆ ದಡದ ದಾರಿ ಹಿಡಿದು ಪತ್ರ ತರುವ ಅಂಚೆಯವನು ಹೇಳಿದ, ನಿನ್ನ ದೋಣಿ ನದಿಯ ಮಧ್ಯೆ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿದೆಯಂತೆ. ದಡ ಎರಡೂ ಕಡೆ ದೂರ, ದೋಣಿಯಲ್ಲಿ ಸೌದೆ ಮುಗಿಯುತ್ತಾ ಬಂದಿದೆಯಂತೆ. ಈ ವರ್ಷ ನದಿ ತಾನಾಗಿ ಕರಗುವ ಲಕ್ಷಣವೇ ಇಲ್ಲ ಎಂದ.

ಲೋಕ ಬೆಚ್ಚಗಾಗಲಿ ಎನ್ನುವ ದೊಡ್ಡ ಮನಸ್ಸು ನಿನ್ನದು. ನನಗೆ ಬಂದಿದ್ದು ಬರೀ ಸಿಟ್ಟು. ಒಂದು ನದಿ ನನ್ನ ಅಮ್ಮನನ್ನು ಹಿಡಿದಿಟ್ಟುಕೊಳ್ಳುವುದೆಂದರೇನು! ಆ ಸಿಟ್ಟಿನ ಹಿಂದೆಯೇ ಬೆನ್ನಿನ ತುರಿಕೆ ನಿಂತುಹೋಯಿತು. ಈಗ ಅಲ್ಲಿ ಭಾರವಾಗಿದೆ, ಒದ್ದೆ ಬೆಡ್‌ಶೀಟು ಹೆಗಲ ಮೇಲೆ ಹಾಕಿಕೊಂಡ ಹಾಗೆ. ಭಯ ಇಲ್ಲ. ಅಜ್ಜನ ಬೆರಳು ಬಿಚ್ಚಿದಾಗ ಎಷ್ಟು ಸುಖವಾಗಿತ್ತೆಂದರೆ, ಇದಕ್ಕೇ ನೀನು ಅಷ್ಟು ವರ್ಷ ಆಸೆಪಟ್ಟಿದ್ದು ಎಂದು ಗೊತ್ತಾಯಿತು. ಆದರೆ ಅಳು ಬರುತ್ತಿದೆ. ಹಾಳೆಯ ಮೇಲೆ ಬೀಳುವ ಮೊದಲೇ ಆವಿಯಾಗುತ್ತಿದೆ.

ಮುಖ ನೋಡಬೇಕು ಎಂದೆಯಲ್ಲ, ತಲೆಯೆತ್ತಿ ನೋಡು. ಗುರುತು ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ಬಾಯ್ಲರ್ ಮೇಸ್ತ್ರಿಗೆ ನಾನೇ ಹೇಳಿದೆ, "ನೀನು ಹೇಳೋ ಹಾಗೆ ಕಾಣಲ್ಲ, ಅದಕ್ಕೆ ನಾನೇ ಹೇಳ್ತೀನಿ, ನನಗೂ ನೀನಂದ್ರೆ ಇಷ್ಟ" ಎಂದು. ಅವನ ಕೈಯಿಂದ ಸ್ಪ್ಯಾನರ್ ಬಿತ್ತು. ಅವನು ಬಂದರೆ ಚಹಾ ಕೊಡು. ಆಸ್ಪತ್ರೆಯ ಗಂಟಿಗೆ ಕೆಂಪು ದಾರ, ಹೋಟೆಲಿನದಕ್ಕೆ ಹಸಿರು. ಗಂಜಿ ತೆಳ್ಳಗೆ ಕಲಸು, ನೀನು ಯಾವಾಗಲೂ ಗಟ್ಟಿ ಮಾಡುತ್ತೀಯ.

ಒಳಗೆ ಏನೂ ಉಳಿಸಿಕೊಳ್ಳದೆ ಹೊರಟ,
ನಿನ್ನ ಮೆಣಸು


ಕರಗು ತಿಂಗಳು, ಕೊನೆಯ ವಾರ
(ಮಹಡಿಯ ಹಗ್ಗಕ್ಕೆ, ಕ್ಲಿಪ್ಪು ಹಾಕಿ)

ಮೆಣಸು,

ವಿಳಾಸ ಗೊತ್ತಿಲ್ಲದ ಕಾರಣ ಇದನ್ನು ಬಟ್ಟೆಯ ಜೊತೆ ನೇತು ಹಾಕುತ್ತಿದ್ದೇನೆ.

ನೋಡಿದೆ ಕಣೇ. ದೋಣಿಯವನು ಕೊನೆಯ ಕಟ್ಟಿಗೆ ಹಾಕಿದ ಬೆಳಿಗ್ಗೆ, ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದೆವು. ಇದ್ದಕ್ಕಿದ್ದ ಹಾಗೆ ಇಸ್ತ್ರಿ ಹಾಕಿದ ಬಟ್ಟೆಯ ವಾಸನೆ ಬಂತು. ತಲೆಯೆತ್ತಿದೆ. ಆಕಾಶದ ಉದ್ದಕ್ಕೂ ಹೊಂಬಣ್ಣದ ಮೈ, ಮೆಲ್ಲಗೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಹಾಗೆ ಹೊರಳಿತು. ಕೆಳಗೆ ಮಂಜುಗಡ್ಡೆ ನಿಟ್ಟುಸಿರು ಬಿಟ್ಟು ಬಿರಿಯಿತು. ಎಲ್ಲರೂ ಕೈಮುಗಿದರು. ನಾನು ಮುಗಿಯಲಿಲ್ಲ. ಹೆತ್ತವಳು ನಾನು, ಕಣ್ಣು ತುಂಬ ನೋಡಿದೆ. ಮುಖ ನಿನ್ನದರ ಹಾಗಿರಲಿಲ್ಲ. ಆದರೆ ಹುಬ್ಬು ಗಂಟು ಹಾಕಿಕೊಂಡಿತ್ತು.

ಮನೆಗೆ ಬಂದು ಪತ್ರ ಓದಿದೆ. ತೂತು ಬಿದ್ದ ಶಾಲು ಹೊದ್ದುಕೊಂಡು, ಬೆಕ್ಕಿನ ಮರಿಗಳ ಜೊತೆ ನೆಲದ ಮೇಲೆ ಕೂತು ಅತ್ತೆ. ನೀನಿಲ್ಲದ ಮನೆಯಲ್ಲಿ ಸದ್ದೇ ಇಲ್ಲ ಗೊತ್ತೇ? ಮೇಸ್ತ್ರಿ ಕೊಳವೆ ತಂದು ಹಾಕಿದ. ರಿಪೇರಿ ಮುಗಿದರೂ ಬರುತ್ತಾನೆ. ಚಹಾ ಕುಡಿಯುತ್ತಾ ಆಕಾಶ ನೋಡುತ್ತಾನೆ, ನಾನೂ ನೋಡುತ್ತೇನೆ. ಅವನಿಗೆ ನಾನು ಒಂದೊಂದು ದಿನ ಬಯ್ಯುತ್ತೇನೆ, ಅಭ್ಯಾಸಕ್ಕೆ.

ಇವತ್ತು ಬೆಳಿಗ್ಗೆ ಮಹಡಿಯ ಮೇಲೆ ಹೋಟೆಲಿನ ದಿಂಬಿನ ಕವರುಗಳನ್ನು ಹಾಕುತ್ತಿದ್ದೆ. ಕೊರೆಯುವ ಚಳಿ. ಕ್ಲಿಪ್ಪು ಹಾಕಿ ತಿರುಗುವಷ್ಟರಲ್ಲಿ ಮೊದಲ ಕವರು ಒಣಗಿತ್ತು. ಎರಡನೆಯದೂ. ಬೆಕ್ಕುಗಳೆಲ್ಲ ಒಟ್ಟಿಗೆ ಮೇಲೆ ನೋಡಿದವು. ನಾನೂ ತಲೆಯೆತ್ತಿದೆ. ಅಷ್ಟರಲ್ಲಿ ಸುಟ್ಟ ವಾಸನೆ! ನೋಡಿದರೆ ಒಳ್ಳೇ ಬಿಳೀ ಕವರಿನ ನಡುವೆ ಅಂಗೈಯಗಲ ಕಂದು ಕಲೆ ಹರಡುತ್ತಿದೆ.

"ಏ ಮೆಣಸೂ!" ಎಂದು ಕೂಗಿದೆ. ಬೀದಿ ಕೊನೆಗೆ ಕೇಳಿಸಿರಬೇಕು. "ಅಷ್ಟು ಹತ್ತಿರ ಬರ್ಬೇಡ ಅಂದ್ರೆ! ಬೇರೆಯವರ ಬಟ್ಟೆ ಕಣೇ ಅದು, ಸುಟ್ಟುಹೋಗುತ್ತೆ, ದೂರ ನಿಂತ್ಕೋ!"

ಗಡಿಯಾರದಜ್ಜ ಕಿಟಕಿ ತೆಗೆದ. ಅಂಚೆಯವನು ಸೈಕಲ್ ನಿಲ್ಲಿಸಿದ. ಮೇಲಿನ ಬಿಸಿ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಒಂದು ಮಹಡಿಯಷ್ಟು ಎತ್ತರಕ್ಕೆ ಹೋಗಿ ನಿಂತಿತು. ಹುಟ್ಟಿದಾಗಿನಿಂದ ನೀನು ನನ್ನ ಮಾತು ಕೇಳಿದ್ದು ಇದೇ ಮೊದಲು.

ಕೆಳಗೆ ಬಂದು ಬಾಗಿಲನ್ನು ಧಡಾರ್ ಎಂದು ಹಾಕಿದೆ. ತುಂಬಾ ಚೆನ್ನಾಗಿತ್ತು, ಇನ್ನೊಂದು ಸಲ ತೆಗೆದು ಹಾಕಿದೆ. ಹೋಟೆಲಿನವರಿಗೆ ಬಾಯ್ಲರ್ ಜಾಸ್ತಿ ಬಿಸಿಯಾಯಿತು ಎಂದು ಹೇಳಿ ಬೇರೆ ಕವರು ಕೊಟ್ಟೆ. ಸುಟ್ಟ ಕವರನ್ನು ನನ್ನ ದಿಂಬಿಗೆ ಹಾಕಿಕೊಂಡಿದ್ದೇನೆ.

ನಾಳೆ ಆಸ್ಪತ್ರೆಯ ಬೆಡ್‌ಶೀಟುಗಳಿವೆ, ದೊಡ್ಡ ಗಂಟು. ಬಾ. ಆದರೆ ದೂರದಿಂದ.

ಸಿಟ್ಟಿನ, ಆದರೂ ನಿನ್ನವಳೇ ಆದ,
ಅಮ್ಮ